ಮಣಿಕಟ್ಟಿನ ಗಡಿಯಾರವೂ ಎದೆಯ ಬಲವೂ

ವೈದ್ಯರು ರೋಗಿಯ ಕೈ ಹಿಡಿದು ನಾಡಿಯನ್ನು ನೋಡುವುದು ನಮ್ಮ ದೇಶದಲ್ಲಿ ಬಹು ಹಿಂದಿನಿಂದ ಬಂದ ಪದ್ಧತಿ. ನಾಡಿಯ ಗತಿಯನ್ನು ಬೆರಳು ತಾನಾಗಿ ಅರಿಯಬಲ್ಲುದು. ಆದರೆ ನಿಮಿಷಕ್ಕೆ ಇಷ್ಟು ಮಿಡಿತ ಎಂದು ಸಂಖ್ಯೆಯಲ್ಲಿ ಹೇಳಬೇಕಾದರೆ ಬೆರಳೊಂದೇ ಸಾಲದು, ಕಾಲವನ್ನು ಅಳೆಯುವ ಸಾಧನವೂ ಬೇಕು. 17ನೆಯ ಶತಮಾನದ ಮೊದಲಲ್ಲಿ ಇಟಲಿಯ ವೈದ್ಯರಾದ ಸ್ಯಾಂಟೋರಿಯೊ ಎಂಬುವರು ಲೋಲಕವೊಂದರ ದಾರವನ್ನು ಉದ್ದ ಗಿಡ್ಡ ಮಾಡುತ್ತ, ಅದರ ತೂಗಾಟವು ರೋಗಿಯ ನಾಡಿಗೆ ಹೊಂದಿಕೊಂಡಾಗ ದಾರದ ಉದ್ದವನ್ನೇ ನಾಡಿಯ ಅಳತೆಯಾಗಿ ಗುರುತು ಮಾಡಿಕೊಳ್ಳುತ್ತಿದ್ದರು. 1707ರಲ್ಲಿ ಇಂಗ್ಲೆಂಡಿನ ವೈದ್ಯರಾದ ಜಾನ್ ಫ್ಲಾಯರ್ ಸರಿಯಾಗಿ ಒಂದು ನಿಮಿಷ ನಡೆದು ನಿಲ್ಲುವ ಗಡಿಯಾರವನ್ನು ಬಳಕೆಗೆ ತಂದರು. ಅಂದು ಗಡಿಯಾರವನ್ನು ಎದುರಿಗಿಟ್ಟುಕೊಂಡು ಕೈ ಹಿಡಿಯುತ್ತಿದ್ದರು. ಇಂದು ಗಡಿಯಾರವೇ ಹಗಲಿರುಳು ನಮ್ಮ ಕೈ ಹಿಡಿದು ಕುಳಿತಿದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿಯೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆಯೋ ಬೆಳಗಿನ ಹೊತ್ತು ಓಡುವವರನ್ನು ನೋಡಿರಿ. ಅವರಲ್ಲಿ ಅನೇಕರ ಮಣಿಕಟ್ಟಿನಲ್ಲಿ ನಾಡಿಯನ್ನು ಎಣಿಸುವ ಗಡಿಯಾರವಿರುತ್ತದೆ. ಎಣಿಕೆಗೆ ಮಾತ್ರವೇ ಅದು ತೃಪ್ತಿಪಡುವುದಿಲ್ಲ. ನಾಲ್ಕಾರು ದಿನಗಳ ಓಟವನ್ನು ಗಮನಿಸಿದ ಮೇಲೆ ‘ನಿಮ್ಮ ಏರೋಬಿಕ್ ಸಾಮರ್ಥ್ಯ 43’ ಎಂದು ತೀರ್ಪು ಕೊಡುತ್ತದೆ. ಜೊತೆಗೆ ‘ಉತ್ತಮ’, ‘ಸಾಧಾರಣ’, ‘ಕಳಪೆ’ ಎಂದು ಒಂದು ಪದವನ್ನೂ ಸೇರಿಸುತ್ತದೆ. ಕ್ರೀಡೆಯನ್ನು ವೃತ್ತಿಯಾಗಿ ಮಾಡಿಕೊಳ್ಳದೆ ಸಂತೋಷಕ್ಕಾಗಿ ಓಡುವ ನಮ್ಮ ತರುಣ ತರುಣಿಯರು ಈ ಸಂಖ್ಯೆಯನ್ನು ಪರೀಕ್ಷೆಯ ಅಂಕದಂತೆ ಭಾವಿಸಿ ಹಿಗ್ಗುವುದನ್ನೂ ಕುಗ್ಗುವುದನ್ನೂ ನಾವು ಕಾಣುತ್ತಿದ್ದೇವೆ. ಈ ಸಂಖ್ಯೆಯು ಬೆಲೆಯುಳ್ಳದ್ದೇ. ಆದರೆ ಇದು ಅಳತೆಯಲ್ಲ, ಅಂದಾಜು. ಅಂದಾಜಿನ ಪಕ್ಕದಲ್ಲಿ ಅದರ ದೋಷದ ಮಿತಿಯನ್ನು ಬರೆಯದೆ ಅದರಿಂದ ಒಬ್ಬರನ್ನು ಮತ್ತೊಬ್ಬರೊಡನೆ ತೂಗಿನೋಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ವಿವರಿಸುತ್ತೇವೆ.

ಮೊದಲು, ಅಳೆಯಬೇಕಾಗಿರುವುದು ಏನು? ಸ್ನಾಯುಗಳು ಬಹು ಹೊತ್ತು ದುಡಿಯಬೇಕಾದರೆ ಆಮ್ಲಜನಕವು ಅವಕ್ಕೆ ಎಡೆಬಿಡದೆ ಒದಗುತ್ತಿರಬೇಕು. ಓಟದ ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚುತ್ತದೆ; ಆದರೆ ಒಂದು ಹಂತವನ್ನು ಮುಟ್ಟಿದ ಮೇಲೆ ಎಷ್ಟು ಹೆಣಗಿದರೂ ಅದು ಮೇಲೇರದು. ಆ ಪರಮಾವಧಿಯೇ ಏರೋಬಿಕ್ ಸಾಮರ್ಥ್ಯ. ಕ್ರೀಡಾಪಟುಗಳ ಮಾತಿನಲ್ಲಿ ‘ವಿ. ಓ. ಟು ಮ್ಯಾಕ್ಸ್’. 1923ರಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ಮತ್ತು ಹಾರ್ಟ್ಲಿ ಲಪ್ಟನ್ ಎಂಬುವರು ಇದನ್ನು ಸ್ಪಷ್ಟವಾಗಿ ವಿವರಿಸಿದರು. ಹಿಲ್ ಗಣಿತವನ್ನು ಓದಿ ಶರೀರಶಾಸ್ತ್ರಕ್ಕೆ ಬಂದವರು. (ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೆ ಇದು ಸ್ವಲ್ಪ ಹೆಮ್ಮೆಯ ವಿಷಯವೆಂದು ಒಪ್ಪಿಕೊಳ್ಳುತ್ತೇವೆ.) ಬಿಟ್ಟ ಉಸಿರೆಲ್ಲವನ್ನೂ ಚೀಲವೊಂದರಲ್ಲಿ ಹಿಡಿದು ಅದರಲ್ಲಿ ಆಮ್ಲಜನಕವು ಎಷ್ಟು ಕಡಮೆಯಾಗಿದೆಯೆಂದು ವಿಶ್ಲೇಷಿಸುವುದು ಅವರ ಕ್ರಮ. ಹಿಲ್ ಸ್ವತಃ ಚೀಲವನ್ನು ಹೊತ್ತು ಹುಲ್ಲಿನ ಜಾಡಿನಲ್ಲಿ ಓಡಿದರು. ನಿಮಿಷಕ್ಕೆ ಸುಮಾರು 4 ಲೀಟರು ಆಮ್ಲಜನಕವನ್ನು ಅವರ ದೇಹವು ಬಳಸುತ್ತಿತ್ತು. ಇಂದು ಚೀಲದ ಬದಲು ವಿದ್ಯುನ್ಮಾನ ವಿಶ್ಲೇಷಕಗಳು ಬಂದಿವೆಯಾದರೂ ಮುಖಕ್ಕೆ ಮುಸುಕು ಹಾಕಿಕೊಂಡು, ಇನ್ನು ಸಾಧ್ಯವಿಲ್ಲವೆನ್ನುವವರೆಗೆ ಓಡುವುದು ತಪ್ಪಿಲ್ಲ. ಅಳತೆಯೆಂದರೆ ಅದು. ದೊರೆತ ಪ್ರಮಾಣವನ್ನು ದೇಹದ ತೂಕದಿಂದ ಭಾಗಿಸಿ, ಕಿಲೋಗ್ರಾಮಿಗೆ ನಿಮಿಷವೊಂದಕ್ಕೆ ಇಷ್ಟು ಮಿಲಿಲೀಟರು ಎಂದು ಹೇಳುವುದು ವಾಡಿಕೆ. ವಿಶೇಷ ತರಬೇತಿಯಿಲ್ಲದ ಆರೋಗ್ಯವಂತ ತರುಣರಲ್ಲಿ ಇದು 40ರಿಂದ 45ರ ಸುಮಾರು, ತರುಣಿಯರಲ್ಲಿ ಅದಕ್ಕಿಂತ ಕೆಲವು ಅಂಕಿ ಕಡಮೆ. ದೂರದ ಓಟದಲ್ಲಿ ಜಗತ್ತಿಗೆ ಮೊದಲಿಗರಾದ ಪುರುಷರಲ್ಲಿ 75ನ್ನು ದಾಟುತ್ತದೆ.

ಮಣಿಕಟ್ಟಿನ ಗಡಿಯಾರಕ್ಕೆ ಉಸಿರಿನ ಗಂಧವೂ ತಿಳಿಯದು. ಅದು ಬಲ್ಲುದು ನಾಡಿಯನ್ನು ಮತ್ತು ಓಟದ ವೇಗವನ್ನು ಮಾತ್ರ. ಹಾಗಾದರೆ ನಾಡಿಯಿಂದ ಆಮ್ಲಜನಕಕ್ಕೆ ಸೇತುವೆ ಯಾವುದು? ಅದನ್ನು ಕಟ್ಟಿದವರು ಜರ್ಮನಿಯ ಅಡಾಲ್ಫ್ ಫಿಕ್. ದ್ರವಗಳ ವಿಸರಣದ ನಿಯಮದಿಂದ ಕಾಲೇಜಿನ ವಿದ್ಯಾರ್ಥಿಗಳಿಗೆ ಪರಿಚಿತರಾದ ಫಿಕ್ ಅವರೇ ಇವರು. 1870ರಲ್ಲಿ ಅವರು ಹೇಳಿದ ಮಾತು ಬಹು ಸರಳವಾದದ್ದು: ದೇಹವು ಬಳಸುವ ಆಮ್ಲಜನಕವು, ಹೃದಯವು ಹೊರದೂಡುವ ರಕ್ತದ ಪ್ರಮಾಣವನ್ನು, ಪ್ರತಿ ಲೀಟರು ರಕ್ತವು ಅಂಗಾಂಶಗಳಿಗೆ ಬಿಟ್ಟುಕೊಡುವ ಆಮ್ಲಜನಕದಿಂದ ಗುಣಿಸಿದಷ್ಟು. ವಿಶ್ರಾಂತಿಯಲ್ಲಿ ಹೃದಯವು ನಿಮಿಷಕ್ಕೆ 70 ಸಲ ಬಡಿದು, ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತವನ್ನು ದೂಡಿದರೆ ಒಟ್ಟು 5 ಲೀಟರಾಯಿತು. ಲೀಟರಿಗೆ 50 ಮಿಲಿಲೀಟರು ಆಮ್ಲಜನಕ ಇಳಿದರೆ ನಿಮಿಷಕ್ಕೆ 250 ಮಿಲಿಲೀಟರು. ಅದೇ ವ್ಯಕ್ತಿ ಶಕ್ತಿಮೀರಿ ಓಡುವಾಗ ಬಡಿತ 200ಕ್ಕೂ, ಬಡಿತದ ಪ್ರಮಾಣ 100 ಮಿಲಿಲೀಟರಿಗೂ, ಲೀಟರಿನಿಂದ ಇಳಿಯುವ ಆಮ್ಲಜನಕ 150 ಮಿಲಿಲೀಟರಿಗೂ ಏರುತ್ತದೆಯೆನ್ನೋಣ. ಗುಣಿಸಿದರೆ ನಿಮಿಷಕ್ಕೆ 3 ಲೀಟರು, ವಿಶ್ರಾಂತಿಯ ಹನ್ನೆರಡರಷ್ಟು. ಗುಣಕಗಳು ಮೂರು, ಗಡಿಯಾರಕ್ಕೆ ಕಾಣುವುದು ಅವುಗಳಲ್ಲಿ ಒಂದೇ ಒಂದು. ಅಷ್ಟೇ ಅಲ್ಲ, ತರಬೇತಿಯಿಂದ ಬಡಿತದ ಪರಮಾವಧಿಯು ಹೆಚ್ಚುವುದಿಲ್ಲ. ಹೆಚ್ಚುವುದು ಮುಖ್ಯವಾಗಿ ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ. ಆದುದರಿಂದಲೇ ನುರಿತ ಓಟಗಾರನ ಹೃದಯವು ಅದೇ ಕೆಲಸವನ್ನು ಕಡಮೆ ಬಡಿತಗಳಲ್ಲಿ ಮಾಡಿ ಮುಗಿಸುತ್ತದೆ. ನಾಡಿಯಿಂದ ಸಾಮರ್ಥ್ಯವನ್ನು ಊಹಿಸಬಹುದೆಂಬ ವಿಚಾರದ ಬೇರು ಇರುವುದು ಇಲ್ಲಿ.

ಈ ವಿಚಾರವನ್ನು ಅಂಕಿಗಳ ಮೇಲೆ ನಿಲ್ಲಿಸಿದ ಕೀರ್ತಿ ಸ್ವೀಡನ್ನಿನ ಪೇರ್-ಓಲೋಫ್ ಆಸ್ಟ್ರಾಂಡ್ ಮತ್ತು ಇರ್ಮಾ ರೀಮಿಂಗ್ ಅವರಿಗೆ ಸಲ್ಲುತ್ತದೆ. ವ್ಯಾಯಾಮದಲ್ಲಿ ಪಳಗಿದ ತರುಣ ತರುಣಿಯರನ್ನು ಪರೀಕ್ಷಿಸಿ, ಪರಮಾವಧಿಯ ಅರ್ಧದಷ್ಟು ದುಡಿಯುವಾಗ ಗಂಡಸರ ನಾಡಿ ಸರಾಸರಿ 128, ಹೆಂಗಸರದು 138 ಇರುವುದನ್ನೂ, ನೂರಕ್ಕೆ ಎಪ್ಪತ್ತರಷ್ಟು ದುಡಿಯುವಾಗ ಅದು 154 ಮತ್ತು 164ಕ್ಕೆ ಏರುವುದನ್ನೂ ಅವರು ಕಂಡರು. ನಾಡಿಯೂ ಆಮ್ಲಜನಕವೂ ಸರಳರೇಖೆಯಲ್ಲಿ ಜೊತೆಜೊತೆಯಾಗಿ ಏರುತ್ತವೆಯಷ್ಟೆ. ಆದುದರಿಂದ ಮಧ್ಯದ ಒಂದು ಬಿಂದು ತಿಳಿದರೆ ತುದಿಯನ್ನು ಊಹಿಸಬಹುದು. 1954ರಲ್ಲಿ ಅವರು ಪ್ರಕಟಿಸಿದ ನಕ್ಷೆಯಲ್ಲಿ ಅಳತೆಪಟ್ಟಿಯನ್ನು ಇಟ್ಟು ಗೆರೆ ಎಳೆದರೆ ಉತ್ತರ ದೊರೆಯುತ್ತಿತ್ತು. ಯಾರನ್ನೂ ಸುಸ್ತಾಗಿ ಬೀಳುವವರೆಗೆ ಓಡಿಸಬೇಕಾಗಿರಲಿಲ್ಲ. ಇಂದಿನ ಗಡಿಯಾರದೊಳಗಿನ ಗಣಿತವು ಎಷ್ಟೇ ನವುರಾಗಿದ್ದರೂ ಈ ನಕ್ಷೆಯ ಮೊಮ್ಮಗನೇ ಸರಿ. ಆದರೆ ಒಂದು ಗುಣವು ವಂಶದಲ್ಲಿ ಮುಂದುವರಿಯಲಿಲ್ಲ. ತಮ್ಮ ಕ್ರಮದ ದೋಷವು ಚೆನ್ನಾಗಿ ಪಳಗಿದವರಲ್ಲಿ ನೂರಕ್ಕೆ 10ರಷ್ಟು, ಪಳಗದವರಲ್ಲಿ 15ರವರೆಗೂ ಇರಬಹುದೆಂದು ಆಸ್ಟ್ರಾಂಡ್ ಮರೆಮಾಚದೆ ಹೇಳಿದ್ದರು. ನಾವು ನೋಡಿದ ಗಡಿಯಾರಗಳಾವುವೂ ಮುಖದ ಮೇಲೆ ಅಂಥ ಮಾತನ್ನು ಆಡಿದ್ದಿಲ್ಲ.

ದೋಷವು ಎಲ್ಲಿಂದ ನುಸುಳುತ್ತದೆಂಬುದನ್ನು ಲೆಕ್ಕವೊಂದರಿಂದ ತಿಳಿಯೋಣ. 60 ಕಿಲೋಗ್ರಾಂ ತೂಕದ, 20 ವರ್ಷದ ವಿದ್ಯಾರ್ಥಿಯೊಬ್ಬನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ 50 ವಾಟ್ ಸಾಮರ್ಥ್ಯದಲ್ಲಿ ದುಡಿಯುವಾಗ ನಾಡಿ 110 ಇರಲಿ, 100 ವಾಟಿನಲ್ಲಿ 140 ಇರಲಿ. ಸ್ನಾಯುಗಳ ದಕ್ಷತೆ ನೂರಕ್ಕೆ 23ರಷ್ಟು. ಒಂದು ಲೀಟರು ಆಮ್ಲಜನಕದಿಂದ ದೇಹಕ್ಕೆ ಸುಮಾರು 20 ಕಿಲೋಜೌಲ್ ಶಕ್ತಿ ದೊರೆಯುತ್ತದೆ. ವಿಶ್ರಾಂತಿಯ ಬಳಕೆಯನ್ನೂ ಕೂಡಿಸಿದರೆ ಮೊದಲ ಕೆಲಸಕ್ಕೆ ನಿಮಿಷಕ್ಕೆ 0.9 ಲೀಟರು, ಎರಡನೆಯದಕ್ಕೆ 1.5 ಲೀಟರು ಎಂದು ಸ್ಥೂಲವಾಗಿ ಬರುತ್ತದೆ. (ವಾಚಕರು ಗುಣಾಕಾರವನ್ನು ತಾವೇ ಮಾಡಿ ನೋಡಬಹುದು.) 30 ಬಡಿತಗಳಿಗೆ 0.6 ಲೀಟರಾದರೆ ಬಡಿತವೊಂದಕ್ಕೆ 0.02 ಲೀಟರು. ಇನ್ನು ರೇಖೆಯನ್ನು ನಾಡಿಯ ಪರಮಾವಧಿಯವರೆಗೆ ಎಳೆಯಬೇಕು. ಆ ಪರಮಾವಧಿ ಎಷ್ಟು? ‘220ರಿಂದ ವಯಸ್ಸನ್ನು ಕಳೆಯಿರಿ’ ಎಂಬ ಸೂತ್ರವನ್ನು ಕೇಳದವರಿಲ್ಲ. ಅದರಂತೆ 200. ಆಗ ಆಮ್ಲಜನಕ 2.7 ಲೀಟರು, ತೂಕದಿಂದ ಭಾಗಿಸಿದರೆ 45. ಒಳ್ಳೆಯ ಅಂಕಿಯೇ.

ಆದರೆ ಈ 220ರ ಸೂತ್ರದ ಜಾತಕವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 1971ರಲ್ಲಿ ಫಾಕ್ಸ್, ನಾಟನ್ ಮತ್ತು ಹ್ಯಾಸ್ಕೆಲ್ ಎಂಬ ಅಮೆರಿಕದ ವಿದ್ವಾಂಸರು ಇತರರ ಹಲವು ಅಧ್ಯಯನಗಳ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ, ಸ್ಥೂಲವಾಗಿ ಹೊಂದುವ ರೇಖೆಯೊಂದನ್ನು ಸೂಚಿಸಿದ್ದರು. 2002ರಲ್ಲಿ ರಾಬರ್ಗ್ಸ್ ಮತ್ತು ಲ್ಯಾಂಡ್‌ವೆಹ್ರ್ ಎಂಬುವರು ಹಿಂದಕ್ಕೆ ಹೋಗಿ ಹುಡುಕಿದಾಗ, ಜಗತ್ತೆಲ್ಲ ನೆಚ್ಚಿಕೊಂಡ ಈ ಸೂತ್ರದ ಹಿಂದೆ ಕ್ರಮವಾದ ಸಂಖ್ಯಾಶಾಸ್ತ್ರದ ಗಣನೆಯೇ ಸಿಕ್ಕಲಿಲ್ಲ. 2001ರಲ್ಲಿ ತನಾಕ ಮತ್ತು ಸಂಗಡಿಗರು ಬಹು ಮಂದಿಯ ಅಂಕಿಗಳಿಂದ ಬೇರೊಂದು ಸೂತ್ರವನ್ನು ಕೊಟ್ಟರು: ವಯಸ್ಸಿನ 0.7ರಷ್ಟನ್ನು 208ರಿಂದ ಕಳೆಯಬೇಕು. 20 ವರ್ಷದವನಿಗೆ 194, 60 ವರ್ಷದವನಿಗೆ 166. ಇದು ಮೊದಲಿನದಕ್ಕಿಂತ ಮೇಲು. ಆದರೂ ಸೂತ್ರವು ಹೇಳುವುದು ಸರಾಸರಿಯನ್ನು. ಒಂದೇ ವಯಸ್ಸಿನವರಲ್ಲಿ ಪರಮಾವಧಿಯು ಸರಾಸರಿಯ ಆಚೀಚೆ ಸುಮಾರು 10 ಬಡಿತಗಳಷ್ಟು ಚದುರಿರುತ್ತದೆ. ನೂರು ಮಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಈ ಹತ್ತರ ಬೇಲಿಯ ಹೊರಗೆ ಉಳಿಯುತ್ತಾರೆ. ನಮ್ಮ ವಿದ್ಯಾರ್ಥಿಯ ನಿಜವಾದ ಪರಮಾವಧಿ 190 ಆಗಿದ್ದರೆ ಉತ್ತರ 45ರ ಬದಲು 42. 210 ಆಗಿದ್ದರೆ 48. ಹುಡುಗ ಅವನೇ, ಹೃದಯವೂ ಅದೇ. ಬದಲಾದದ್ದು ನಮ್ಮ ಊಹೆ ಮಾತ್ರ.

ಇನ್ನು ಹವೆಯ ಮಾತು. ಸೆಖೆಯ ದಿನ ದೇಹವು ತನ್ನನ್ನು ತಂಪಾಗಿಡಲು ರಕ್ತವನ್ನು ಚರ್ಮದ ಕಡೆಗೆ ಹರಿಸುತ್ತದೆ. ಬೆವರಿನಿಂದ ರಕ್ತದಲ್ಲಿನ ನೀರಿನ ಅಂಶವೂ ಇಳಿಯುತ್ತದೆ. ಬಡಿತವೊಂದಕ್ಕೆ ಹೊರಬೀಳುವ ರಕ್ತ ಕಡಮೆಯಾದಾಗ ಹೃದಯವು ಬಡಿತಗಳನ್ನು ಹೆಚ್ಚಿಸಿ ಸರಿತೂಗಿಸಿಕೊಳ್ಳುತ್ತದೆ. ಅದೇ ವಿದ್ಯಾರ್ಥಿಯ ನಾಡಿ ಏಪ್ರಿಲ್ ತಿಂಗಳ ಮಧ್ಯಾಹ್ನ 110 ಮತ್ತು 140ರ ಬದಲು 118 ಮತ್ತು 150 ಆಯಿತೆನ್ನೋಣ. ಮೊದಲಿನಂತೆಯೇ ಲೆಕ್ಕ ಮಾಡಿದರೆ 45 ಇದ್ದದ್ದು 41ಕ್ಕೆ ಕುಸಿಯುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಓಡುವವನೂ ಮಡಿಕೇರಿಯ ಮಂಜಿನಲ್ಲಿ ಓಡುವವನೂ ಒಂದೇ ಅಂಕಿಯಿಂದ ಅಳೆಯಲ್ಪಟ್ಟರೆ ಯಾರಿಗೆ ಅನ್ಯಾಯವೆಂಬುದನ್ನು ಹೇಳಬೇಕಾಗಿಲ್ಲ. ನಿದ್ರೆ ಕೆಟ್ಟಿದ್ದರೆ, ಜ್ವರ ಬಿಟ್ಟು ಎರಡೇ ದಿನಗಳಾಗಿದ್ದರೆ, ಪರೀಕ್ಷೆಯ ಭಯವಿದ್ದರೆ ನಾಡಿ ಏರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು ನಾಡಿಯನ್ನು ಇಳಿಸುತ್ತವೆ; ಅವನ್ನು ಸೇವಿಸುವ ಹಿರಿಯರಿಗೆ ಗಡಿಯಾರವು ಸುಳ್ಳು ಹೊಗಳಿಕೆಯನ್ನು ಕೊಟ್ಟೀತು. ಇದು ಟೀಕೆಗಿಂತ ಅಪಾಯಕರ.

ನಾಡಿಯ ಎಣಿಕೆಯಾದರೂ ಶುದ್ಧವೇ? ಗಡಿಯಾರದ ಬೆನ್ನಿನಿಂದ ಹೊರಡುವ ಹಸುರು ಬೆಳಕನ್ನು ರಕ್ತದ ಹಿಮೊಗ್ಲೋಬಿನ್ ಹೀರುತ್ತದೆ. ನಾಡಿ ಮಿಡಿದಾಗ ರಕ್ತ ಹೆಚ್ಚಿ ಮರಳುವ ಬೆಳಕು ತುಸು ಕುಂದುತ್ತದೆ. ಆ ಏರಿಳಿತವನ್ನೇ ಯಂತ್ರವು ಎಣಿಸುವುದು. ಪಟ್ಟಿ ಸಡಿಲವಾಗಿದ್ದರೆ ತೋಳಿನ ಬೀಸಾಟವೂ ಅದೇ ರೀತಿ ಏರಿಳಿತವನ್ನುಂಟುಮಾಡುತ್ತದೆ. ಓಟಗಾರನ ಹೆಜ್ಜೆಗಳು ನಿಮಿಷಕ್ಕೆ 160ರಿಂದ 180; ಶ್ರಮದ ನಾಡಿಯೂ ಅದೇ ಆಸುಪಾಸಿನಲ್ಲಿರುತ್ತದೆ. ಯಂತ್ರವು ನಾಡಿಯನ್ನು ಬಿಟ್ಟು ಹೆಜ್ಜೆಯನ್ನು ಎಣಿಸುತ್ತ ಹೋಗುವುದುಂಟು. ಎದೆಗೆ ಕಟ್ಟುವ, ಹೃದಯದ ವಿದ್ಯುತ್ತನ್ನೇ ಗ್ರಹಿಸುವ ಪಟ್ಟಿಯಲ್ಲಿ ಈ ತೊಡಕು ಬಹಳ ಕಡಮೆ.

ಇದೆಲ್ಲ ಪ್ರಯೋಗಶಾಲೆಯ ಕೂದಲು ಸೀಳುವ ವಿಚಾರವೆಂದು ಕೆಲವರು ಹೇಳಬಹುದು. ಹಾಗಲ್ಲ. ನಮಗೆ ತಿಳಿದ ಕಾಲೇಜೊಂದರಲ್ಲಿ ಹಾಕಿ ಆಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಬೇಸಗೆಯಲ್ಲಿ ತನ್ನ ಸಂಖ್ಯೆ 38ರಿಂದ 35ಕ್ಕೆ ಇಳಿದದ್ದನ್ನು ನೋಡಿ, ತನ್ನ ಹೃದಯವು ದುರ್ಬಲವಾಗುತ್ತಿದೆಯೆಂದು ಹೆದರಿ ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಿದಳು. ಗೆಳತಿಯರ ಗಡಿಯಾರಗಳೂ ಅದೇ ವಾರ ಅಷ್ಟಿಷ್ಟು ಇಳಿದಿದ್ದುವು. ಅದನ್ನು ಯಾರೂ ಒಂದು ಹಾಳೆಯ ಮೇಲೆ ಒಟ್ಟಿಗೆ ಬರೆದು ನೋಡಿರಲಿಲ್ಲ. ಮತ್ತೊಂದು ಕಡೆ, ಗಡಿಯಾರದ ಸಂಖ್ಯೆಯಂತೆ ವಿದ್ಯಾರ್ಥಿಗಳ ಪಟ್ಟಿಯನ್ನು ಮಾಡಿ ಓಟದ ತಂಡವನ್ನು ಆರಿಸಬೇಕೆಂಬ ಸೂಚನೆ ಬಂದಿತ್ತು. 42 ಮತ್ತು 45ರ ನಡುವೆ ಆಯ್ಕೆ ಮಾಡುವುದೆಂದರೇನು? ದೋಷವು ನೂರಕ್ಕೆ 10 ಎಂದಿಟ್ಟುಕೊಂಡರೂ ಮೊದಲನೆಯವನು 38ರಿಂದ 46ರೊಳಗೆ, ಎರಡನೆಯವನು 40ರಿಂದ 50ರೊಳಗೆ ಎಲ್ಲಿಯಾದರೂ ಇರಬಹುದು. ಸೆಂಟಿಮೀಟರಿನ ಗೆರೆಗಳಿಲ್ಲದ ಕೋಲಿನಿಂದ ಮಿಲಿಮೀಟರಿನ ವ್ಯತ್ಯಾಸವನ್ನು ಬರೆದು ತಂದ ವಿದ್ಯಾರ್ಥಿಯ ದಾಖಲೆಯನ್ನು ನಾವು ಪ್ರಯೋಗಶಾಲೆಯಲ್ಲಿ ಹಿಂದಿರುಗಿಸುತ್ತೇವೆ. ಮೈದಾನದಲ್ಲಿ ಮಾತ್ರ ಅದನ್ನು ಏಕೆ ಒಪ್ಪಬೇಕು? ಓಟದ ತಂಡವನ್ನು ಆರಿಸಬೇಕಾದರೆ ಓಡಿಸಿ ನೋಡುವುದೇ ನೇರವಾದ ದಾರಿ. 1968ರಲ್ಲಿ ಅಮೆರಿಕದ ಕೆನೆತ್ ಕೂಪರ್ ಪ್ರಚಾರಕ್ಕೆ ತಂದ 12 ನಿಮಿಷಗಳ ಓಟದಲ್ಲಿ ಬೇಕಾಗುವುದು ಅಳೆದ ಜಾಡು ಮತ್ತು ಒಂದು ಸ್ಟಾಪ್‌ವಾಚು ಮಾತ್ರ.

ಹಾಗೆಂದು ಗಡಿಯಾರವನ್ನು ಕಿತ್ತೆಸೆಯಬೇಕೆಂದು ನಾವು ಹೇಳುವುದಿಲ್ಲ. 2016ರಲ್ಲಿ ಅಮೆರಿಕದ ಹೃದಯ ಸಂಘವು ಏರೋಬಿಕ್ ಸಾಮರ್ಥ್ಯವನ್ನು ನಾಡಿ, ರಕ್ತದೊತ್ತಡಗಳಂತೆ ವೈದ್ಯರು ಗಮನಿಸತಕ್ಕ ಮುಖ್ಯ ಲಕ್ಷಣವೆಂದು ಪರಿಗಣಿಸಬೇಕೆಂದು ಸಲಹೆ ಮಾಡಿತು. ಅದು ಕಡಮೆಯಿರುವವರಲ್ಲಿ ಹೃದ್ರೋಗವೂ ಅಕಾಲ ಮರಣವೂ ಹೆಚ್ಚೆಂಬುದು ದೀರ್ಘಕಾಲದ ಅಧ್ಯಯನಗಳಿಂದ ತಿಳಿದ ಸಂಗತಿ. ಸಾವಿರಾರು ಜನರ ಅಂದಾಜುಗಳನ್ನು ಕೂಡಿಸಿ ನೋಡುವಾಗ ಒಬ್ಬರ ಹೆಚ್ಚು ಮತ್ತೊಬ್ಬರ ಕಡಮೆಯಿಂದ ಬಹುಮಟ್ಟಿಗೆ ಸರಿಹೋಗುತ್ತದೆ. ಒಬ್ಬನೇ ವ್ಯಕ್ತಿ ತನ್ನನ್ನು ತನ್ನೊಡನೆ ಹೋಲಿಸಿಕೊಂಡಾಗಲೂ ಹೀಗೊಂದು ಅನುಕೂಲವಿದೆ. ಸ್ಕ್ರೂಗೇಜಿನ ಶೂನ್ಯದೋಷವು ಎರಡು ಅಳತೆಗಳ ವ್ಯತ್ಯಾಸದಲ್ಲಿ ಕಳೆದುಹೋಗುವುದನ್ನು ವಿದ್ಯಾರ್ಥಿಗಳು ಬಲ್ಲರು. ಪರಮಾವಧಿಯ ಊಹೆಯಲ್ಲಿನ ತಪ್ಪು ಜೂನಿನಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಒಂದೇ ಆಗಿರುವುದರಿಂದ, ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಅಂಥದೇ ಹವೆಯಲ್ಲಿ ಓಡಿ ಸಂಖ್ಯೆ 40ರಿಂದ 44ಕ್ಕೆ ಏರಿದ್ದರೆ ಆ ಏರಿಕೆಯನ್ನು ನಂಬಬಹುದು. 40 ಎಂಬ ಅಂಕಿಯನ್ನೋ 44 ಎಂಬುದನ್ನೋ ಪ್ರತ್ಯೇಕವಾಗಿ ನಂಬಬೇಕಾಗಿಲ್ಲ. ಕಂಪನಿಗಳು ತಮ್ಮ ಸಂಖ್ಯೆಯ ಪಕ್ಕದಲ್ಲಿ ‘ಇಷ್ಟು ಹೆಚ್ಚು ಅಥವಾ ಇಷ್ಟು ಕಡಮೆ’ ಎಂದು ತೋರಿಸುವಂತೆ ಕೊಳ್ಳುವವರು ಕೇಳಬೇಕು. ಕಾಲೇಜುಗಳು ಅದರಿಂದ ಅಂಕವನ್ನಾಗಲಿ ಆಯ್ಕೆಯನ್ನಾಗಲಿ ಮಾಡಕೂಡದು.

ಗಡಿಯಾರವಿಲ್ಲದವರಿಗೂ ಈ ವಿಷಯವು ಮುಚ್ಚಿದ ಬಾಗಿಲಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ ಮೆಕ್‌ಆರ್ಡ್ಲ್ ಮತ್ತು ಸಂಗಡಿಗರು 1970ರ ದಶಕದ ಮೊದಲಲ್ಲಿ ರೂಪಿಸಿದ ಮೆಟ್ಟಿಲ ಪರೀಕ್ಷೆಗೆ ಸುಮಾರು 41 ಸೆಂಟಿಮೀಟರು ಎತ್ತರದ ಗಟ್ಟಿಯಾದ ಬೆಂಚು ಸಾಕು. ವಿದ್ಯಾರ್ಥಿಗಳು ನಿಮಿಷಕ್ಕೆ 24 ಸಲ, ವಿದ್ಯಾರ್ಥಿನಿಯರು 22 ಸಲ, ಮೂರು ನಿಮಿಷಗಳವರೆಗೆ ಹತ್ತಿ ಇಳಿಯಬೇಕು. ನಿಂತು 5 ಸೆಕೆಂಡುಗಳಾದ ಮೇಲೆ 15 ಸೆಕೆಂಡುಗಳ ಕಾಲ ಮಣಿಕಟ್ಟಿನ ನಾಡಿಯನ್ನು ಎಣಿಸಿ ನಾಲ್ಕರಿಂದ ಗುಣಿಸಬೇಕು. ಆ ಸಂಖ್ಯೆಯ 0.42ರಷ್ಟನ್ನು 111.33ರಿಂದ ಕಳೆದರೆ ಗಂಡಸರ ಅಂದಾಜು, ಹೆಂಗಸರಿಗೆ 0.1847ರಷ್ಟನ್ನು 65.81ರಿಂದ ಕಳೆಯಬೇಕು. ನಾಡಿ 160 ಇದ್ದ ವಿದ್ಯಾರ್ಥಿಗೆ 44.1 ಬರುತ್ತದೆ. ಎಣಿಸುವಾಗ ಒಂದೇ ಒಂದು ಮಿಡಿತ ತಪ್ಪಿದರೆ ನಾಡಿಯಲ್ಲಿ 4ರ, ಉತ್ತರದಲ್ಲಿ 1.7ರ ವ್ಯತ್ಯಾಸವಾಗುತ್ತದೆ, ಆದುದರಿಂದ 44.1 ಎಂಬುದರಲ್ಲಿನ ಬಿಂದುವಿನ ಮುಂದಿನ 1ಕ್ಕೆ ಅರ್ಥವೇ ಇಲ್ಲ. ಎದೆನೋವು, ತಲೆಸುತ್ತು, ಉಬ್ಬಸ ಇರುವವರೂ ಜ್ವರದಿಂದ ಈಗತಾನೆ ಎದ್ದವರೂ ಇದಕ್ಕೆ ಇಳಿಯಬಾರದು. ಉಳಿದವರು ತರಗತಿಯ ಗೆಳೆಯರೊಡನೆ ಒಮ್ಮೆ ಬೆಳಿಗ್ಗೆ, ಒಮ್ಮೆ ನಡುಹಗಲಿನಲ್ಲಿ, ಒಮ್ಮೆ ಕಾಫಿ ಕುಡಿದ ಅರ್ಧ ಗಂಟೆಯ ಮೇಲೆ ಮಾಡಿ, ಮೂರು ಉತ್ತರಗಳನ್ನೂ ಪ್ರಯೋಗದ ಪುಸ್ತಕದ ಒಂದೇ ಪುಟದಲ್ಲಿ ಬರೆದುಕೊಳ್ಳಲಿ. ಗಡಿಯಾರವುಳ್ಳವರು ಅದು ಆ ವಾರ ಹೇಳಿದ ಸಂಖ್ಯೆಯನ್ನೂ ಅದೇ ಪುಟದ ಕೆಳಗೆ ಸೇರಿಸಲಿ.